ಪೀಪಾಯಿಯೊಳಗಿನ ಬೆಂಗಳೂರು

ರಾಗಿಯನ್ನು ರಾತ್ರಿಯಿಡೀ ನೆನೆಹಾಕಿ, ತೆಳು ಬಟ್ಟೆಯಲ್ಲಿ ಕಟ್ಟಿ, ಮೊಳಕೆ ಬಂದ ಮೇಲೆ ಒಣಗಿಸಿ, ಹದವಾಗಿ ಹುರಿದು ಬೀಸುವುದು ಕನ್ನಡನಾಡಿನ ಎಷ್ಟೋ ಮನೆಗಳಿಗೆ ಗೊತ್ತಿರುವ ಕೆಲಸ. ಮೊಳಕೆಯೊಡೆದ ಕಾಳಿನ ಪಿಷ್ಟ ಸಕ್ಕರೆಯಾಗಲು ಸಜ್ಜಾಗಿರುತ್ತದೆ. ರಾಗಿ ಮಾಲ್ಟಿನ ನಸುಸಿಹಿಗೆ ಅದೇ ಕಾರಣ. ರಾಗಿಯ ಜಾಗದಲ್ಲಿ ಬಾರ್ಲಿ, ಅಂದರೆ ಜವೆಗೋಧಿ ಇಟ್ಟರೆ ಸಿಂಗಲ್ ಮಾಲ್ಟ್ ವಿಸ್ಕಿಯ ಮೊದಲ ಹಂತ ಮುಗಿದಂತೆ. ಆಮೇಲೆ ಬಿಸಿನೀರಿನಲ್ಲಿ ಅದರ ಸಿಹಿ ಬಿಡಿಸಿ, ಯೀಸ್ಟ್ ಹಾಕಿ ಹುಳಿ ಬರಿಸಿ, ತಾಮ್ರದ ಭಟ್ಟಿಯಲ್ಲಿ ಸಾಮಾನ್ಯವಾಗಿ ಎರಡು ಸಲ ಇಳಿಸುತ್ತಾರೆ. ‘ಸಿಂಗಲ್’ ಎಂದರೆ ಒಂದೇ ಡಿಸ್ಟಿಲರಿಯದು ಎಂದಷ್ಟೇ ಅರ್ಥ. ಒಂದೇ ಪೀಪಾಯಿಯದು ಎಂದಲ್ಲ.

ಭಟ್ಟಿಯಿಂದ ಇಳಿದಾಗ ಅದು ನೀರಿನಷ್ಟೇ ನಿರ್ವರ್ಣ. ಬಣ್ಣ, ಘಮ, ದುಂಡು ರುಚಿ ಬಹುಪಾಲು ಬರುವುದು ಓಕ್ ಮರದ ಪೀಪಾಯಿಯಿಂದ. ಅಮೆರಿಕದ ಕಾನೂನಿನ ಪ್ರಕಾರ ಬರ್ಬನ್ ವಿಸ್ಕಿಯನ್ನು ಒಳಮೈ ಸುಟ್ಟ ಹೊಸ ಓಕ್ ಪಾತ್ರೆಯಲ್ಲೇ ತುಂಬಬೇಕು. ಹೀಗೆ ಒಮ್ಮೆ ಬಳಸಿದ ಪೀಪಾಯಿಗಳು ಸ್ಕಾಟ್ಲೆಂಡಿಗೂ ಹೋಗುತ್ತವೆ, ಮೈಸೂರು ರಸ್ತೆಯ ಕಂಬೀಪುರಕ್ಕೂ ಬರುತ್ತವೆ. ಲೋಟದಲ್ಲಿ ವೆನಿಲ್ಲಾ ಅಥವಾ ಕೊಬ್ಬರಿಯ ವಾಸನೆ ಸಿಕ್ಕರೆ ಆ ಮರವನ್ನು ನೆನೆಯಬೇಕು.

ಕಂಬೀಪುರದಲ್ಲಿರುವುದು ಅಮೃತ್ ಡಿಸ್ಟಿಲರೀಸ್. 1948ರಲ್ಲಿ ಬೆಂಗಳೂರಿನಲ್ಲಿ ಜೆ.ಎನ್. ರಾಧಾಕೃಷ್ಣ ಜಗದಾಳೆ ಕಟ್ಟಿದ ಸಂಸ್ಥೆ. ವಿಸ್ಕಿ ಎಂಬ ಶಬ್ದದ ಮೂಲ ಗೇಲಿಕ್ ಭಾಷೆಯ ‘ಉಷ್ಕೆ ಬಾಹ’, ಅಂದರೆ ಜೀವಜಲ. ಹಾಗಾಗಿ ‘ಅಮೃತ್’ ಎಂಬ ಹೆಸರು ಬಲು ಚೆನ್ನಾಗಿ ಕೂಡಿಬಂದಿದೆ. 2004ರ ಆಗಸ್ಟಿನಲ್ಲಿ ಅಮೃತ್ ಸಿಂಗಲ್ ಮಾಲ್ಟ್ ಮೊದಲು ಮಾರುಕಟ್ಟೆ ಕಂಡದ್ದು ಬೆಂಗಳೂರಿನಲ್ಲಲ್ಲ, ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ. ಸ್ಕಾಚ್‌ನ ತವರಿಗೇ ಹೋಗಿ ಲೋಟ ಮುಂದಿಡುವ ಧೈರ್ಯ ಸಣ್ಣದಲ್ಲ. 2010ರ ತಮ್ಮ ‘ವಿಸ್ಕಿ ಬೈಬಲ್’ನಲ್ಲಿ ವಿಸ್ಕಿ ವಿಮರ್ಶಕ ಜಿಮ್ ಮರ್ರೆ ‘ಅಮೃತ್ ಫ್ಯೂಷನ್’ಗೆ ಜಗತ್ತಿನಲ್ಲೇ ಮೂರನೆಯ ಸ್ಥಾನ ಕೊಟ್ಟ ಮೇಲೆ ಅನುಮಾನದ ಮಾತು ಬಹುಮಟ್ಟಿಗೆ ನಿಂತಿತು.

ಈ ವಿಸ್ಕಿಯ ಬಾಟಲಿಗಳ ಮೇಲೆ ‘12 ವರ್ಷ’, ‘18 ವರ್ಷ’ ಎಂಬ ಅಂಕಿ ಕಾಣದೆ ಅನೇಕರು ಮೂಗು ಮುರಿಯುತ್ತಾರೆ. ಅದು ತಪ್ಪು. ಪೀಪಾಯಿಯ ಮರ ಉಸಿರಾಡುತ್ತದೆ, ಒಳಗಿನ ದ್ರವ ಸ್ವಲ್ಪಸ್ವಲ್ಪವಾಗಿ ಆವಿಯಾಗುತ್ತದೆ. ಸ್ಕಾಟರು ಇದನ್ನು ದೇವದೂತರ ಪಾಲು ಎನ್ನುತ್ತಾರೆ. ಅಲ್ಲಿನ ಚಳಿಯಲ್ಲಿ ವರ್ಷಕ್ಕೆ ಹೋಗುವುದು ಸುಮಾರು ಶೇ. 2. ಸಮುದ್ರಮಟ್ಟದಿಂದ 900 ಮೀಟರ್ ಎತ್ತರದಲ್ಲಿ, ಬಿಸಿಲು ಕಾಣುವ ಬೆಂಗಳೂರಿನಲ್ಲಿ ಶೇ. 10ರಿಂದ 12. ಶೇ. 11ರ ಲೆಕ್ಕ ಹಿಡಿದರೆ 100 ಲೀಟರಿನಲ್ಲಿ 8 ವರ್ಷಕ್ಕೆ ಉಳಿಯುವುದು 40ಕ್ಕಿಂತ ಕಡಿಮೆ. 18 ವರ್ಷ ಕಾದರೆ ಬರೀ 12. ಕಳೆದುಹೋಗುವುದು ಒಂದು ಮಾತಾದರೆ, ಅದೇ ಸೆಕೆಯಲ್ಲಿ ದ್ರವ ಮರದೊಡನೆ ಬೇಗ ಬೆರೆಯುತ್ತದೆ, ಬೇಗ ಹಣ್ಣಾಗುತ್ತದೆ. ಹೊರಗಡೆಯ ಹವೆಯನ್ನು ಬಿಟ್ಟು ವಯಸ್ಸಿನ ಅಂಕಿಯನ್ನಷ್ಟೇ ಓದುವುದು, ಕರಾವಳಿಯ ಮಾವನ್ನು ಕಾಶ್ಮೀರದ ಸೇಬಿನ ಪಂಚಾಂಗ ಹಿಡಿದು ಅಳೆದಂತೆ. 2013ರಲ್ಲಿ ಅಮೃತ್ ತನ್ನ 8 ವರ್ಷದ ವಿಸ್ಕಿಯನ್ನು ಹೊರತಂದಾಗ ಇಟ್ಟ ಹೆಸರು ‘ಗ್ರೀಡಿ ಏಂಜೆಲ್ಸ್’, ದುರಾಸೆಯ ದೇವದೂತರು.

ಇದೆಲ್ಲ ಸಿಂಗಲ್ ಮಾಲ್ಟಿನ ಮಾತು. ನಮ್ಮಲ್ಲಿ ಅಗ್ಗಕ್ಕೆ ಮಾರಾಟವಾಗುವ ‘ವಿಸ್ಕಿ’ಯ ಬಹುಪಾಲು ಕಾಕಂಬಿಯ ಮದ್ಯಸಾರದಿಂದ ಆದದ್ದು. ಐರೋಪ್ಯ ಒಕ್ಕೂಟದಲ್ಲಿ ಅದನ್ನು ವಿಸ್ಕಿ ಎಂಬ ಹೆಸರಿನಲ್ಲಿ ಮಾರುವಂತಿಲ್ಲ. ಅಲ್ಲಿ ವಿಸ್ಕಿ ಧಾನ್ಯದಿಂದಲೇ ಆಗಬೇಕು, ಮೂರು ವರ್ಷವಾದರೂ ಮರದಲ್ಲಿರಬೇಕು.

ಇನ್ನು ಸವಿಯುವ ಬಗೆ. ಅಗಲ ಬಾಯಿಯ ಲೋಟಕ್ಕಿಂತ, ಕೆಳಗೆ ಉಬ್ಬಿ ಮೇಲೆ ಕಿರಿದಾಗುವ ಟ್ಯುಲಿಪ್ ಆಕಾರದ ಲೋಟ ಒಳ್ಳೆಯದು. ಘಮ ಅಲ್ಲಿ ಕೂಡಿ ನಿಲ್ಲುತ್ತದೆ. 30 ಎಂಎಲ್ ಸುರಿದು ಒಂದೆರಡು ನಿಮಿಷ ಬಿಡಬೇಕು. ಮೂಗನ್ನು ಒಳಕ್ಕೆ ತೂರಿಸಿ ಜೋರಾಗಿ ಎಳೆದರೆ ಮದ್ಯಸಾರದ ಉರಿ ಬಿಟ್ಟು ಬೇರೇನೂ ತಿಳಿಯದು. ತುಟಿ ತುಸು ತೆರೆದು, ಲೋಟವನ್ನು ಗಲ್ಲದ ಬಳಿ ಹಿಡಿದು, ಮೆಲ್ಲಗೆ ಮೂಸಬೇಕು. ಫ್ಯೂಷನ್‌ನಲ್ಲಿ ಪೀಟ್ ಎಂಬ ಜೌಗುಮಣ್ಣಿನ ಹೊಗೆ ಹಿಡಿಸಿದ ಸ್ಕಾಟಿಷ್ ಬಾರ್ಲಿಯೂ ಬೆರೆತಿದೆ. ಮಲೆನಾಡಿನ ಹಳೆಯ ಮನೆಯಲ್ಲಿ ಬೆಳೆದವರಿಗೆ ಆ ವಾಸನೆ ಬಚ್ಚಲೊಲೆಯ ಹೊಗೆಯನ್ನು ನೆನಪಿಸಿದರೆ ಅಚ್ಚರಿಯಿಲ್ಲ. ಅಂಥ ನೆನಪುಗಳೇ ರುಚಿಯ ನಿಜವಾದ ಶಬ್ದಕೋಶ. ಲೇಬಲ್ಲಿನ ಮೇಲಿನ ‘ಹೆದರ್ ಹೂವು’ ಕಂಡರಿಯದವರು ಅದನ್ನು ಹುಡುಕುತ್ತ ಕೂರಬೇಕಿಲ್ಲ.

ಮೊದಲ ಗುಟುಕು ಹಾಗೆಯೇ. ಬಾಯಿತುಂಬ ಹೊರಳಾಡಿಸಿ ನುಂಗಬೇಕು. ಆಮೇಲೆ ನೀರು. ನೀರು ಹಾಕಿದರೆ ವಿಸ್ಕಿ ಕೆಡುತ್ತದೆ ಎಂಬ ನಂಬಿಕೆಯನ್ನು ಬಿಡುವುದು ವಾಸಿ. ನೀರು ಬೆರೆತಾಗ ಹೊಗೆಯ ಘಮ ಕೊಡುವ ಗ್ವಾಯಕಾಲ್ ಎಂಬ ಅಣು ದ್ರವದ ಮೇಲ್ಮೈಗೆ ಬರುತ್ತದೆ ಎಂದು 2017ರಲ್ಲಿ ಸ್ವೀಡನ್ನಿನ ಲಿನೇಯಸ್ ವಿಶ್ವವಿದ್ಯಾಲಯದ ಇಬ್ಬರು ಸಂಶೋಧಕರು ಕಂಪ್ಯೂಟರ್ ಮಾದರಿಗಳಿಂದ ತೋರಿಸಿದರು. ಶೇ. 50 ಮದ್ಯಸಾರವಿರುವ ಫ್ಯೂಷನ್‌ಗಂತೂ ಚಮಚ ನೀರು ಬೇಕೇ ಬೇಕು. ಐಸ್ ಹಾಕಿದರೆ ಘಮ ಮುದುಡಿಕೊಳ್ಳುತ್ತದೆ. ಸೋಡಾ ಬ್ಲೆಂಡೆಡ್ ವಿಸ್ಕಿಗೆ ಸೊಗಸು. ಸಿಂಗಲ್ ಮಾಲ್ಟಿಗೆ ಕೋಲಾ ಸುರಿಯುವುದು ಮಾತ್ರ ದುಡ್ಡಿಗೂ ದಂಡ, ನಾಲಿಗೆಗೂ ದಂಡ. ನಂಜಿಕೊಳ್ಳಲು ಖಾರದ ಪೆಪ್ಪರ್ ಡ್ರೈ ತರಿಸಿದರೆ ಎರಡನೆಯ ಗುಟುಕಿಗೆ ನಾಲಿಗೆ ಸತ್ತಿರುತ್ತದೆ. ಹುರಿದ ಗೋಡಂಬಿ ಸಾಕು.

ಹೊಸದಾಗಿ ಶುರುಮಾಡುವವರು ಸಾವಿರಾರು ರೂಪಾಯಿಯ ಬಾಟಲಿ ಕೊಳ್ಳುವ ಅಗತ್ಯವಿಲ್ಲ. ಒಳ್ಳೆಯ ಬಾರಿನಲ್ಲಿ ಫ್ಯೂಷನ್ ಒಂದು 30, ಹೊಗೆಯಿಲ್ಲದ ಅಮೃತ್ ಸಿಂಗಲ್ ಮಾಲ್ಟ್ ಒಂದು 30 ತರಿಸಿ, ಇಬ್ಬರು ಹಂಚಿಕೊಳ್ಳಿ. ನೀರು ಫ್ರಿಜ್ಜಿನದು ಬೇಡ ಎಂದು ಮೊದಲೇ ಹೇಳಿಬಿಡಿ. ಗಾಡಿಯನ್ನು ಮನೆಯಲ್ಲೇ ಬಿಟ್ಟು ಹೋಗಿ.