ದ್ವೀಪದ ದೊರೆತನ: ಒಂದು ಗಣಕಯಂತ್ರದ ಆಟದ ವಿಮರ್ಶೆ

ಸ್ಮರಣ ಸಂಚಿಕೆಯ ಸಂಪಾದಕ ಮಂಡಳಿಯವರು ನಮ್ಮಿಂದ ವಿಮರ್ಶಾ ಲೇಖನವೊಂದನ್ನು ಅಪೇಕ್ಷಿಸಿದಾಗ ಅವರ ಮನಸ್ಸಿನಲ್ಲಿದ್ದುದು ಯಾವುದಾದರೊಂದು ಕಾದಂಬರಿಯೋ ಕವನ ಸಂಕಲನವೋ ಇದ್ದೀತು. ನಾವೂ ಹಾಗೆಯೇ ಎಣಿಸಿ ಪುಸ್ತಕವೊಂದನ್ನು ತೆಗೆದಿಟ್ಟುಕೊಂಡಿದ್ದೆವು. ಆದರೆ ಕಳೆದ ಬೇಸಿಗೆಯ ರಜೆಯಲ್ಲಿ ಪುಣೆಯಿಂದ ಉತ್ತೂರಿಗೆ ಬಂದ ಮೊಮ್ಮಗನ ಪಕ್ಕದಲ್ಲಿ ಹದಿನೆಂಟು ದಿನ ಕುಳಿತು ನಾವು ಕಂಡ ಒಂದು ಆಟವು ಆ ಪುಸ್ತಕಕ್ಕಿಂತ ಹೆಚ್ಚು ಕಾಲ ನಮ್ಮ ತಲೆಯಲ್ಲಿ ಉಳಿಯಿತು. ಉಳಿದದ್ದರ ಬಗ್ಗೆ ಬರೆಯುವುದೇ ಪ್ರಾಮಾಣಿಕತೆಯೆಂದು ಬಗೆದು ಈ ಬರಹಕ್ಕೆ ಕೈ ಹಾಕಿದ್ದೇವೆ. ಮುಖ್ಯಾಧ್ಯಾಪಕರಾಗಿದ್ದಾಗ ಮಕ್ಕಳ ಚೀಲದಿಂದ ಇಸ್ಪೀಟು ಎಲೆಗಳನ್ನು ಕಸಿದುಕೊಂಡವರು ಇಂದು ಆಟದ ವಿಮರ್ಶೆ ಬರೆಯುತ್ತಿದ್ದಾರೆಂದು ನಮ್ಮ ಹಳೆಯ ವಿದ್ಯಾರ್ಥಿಗಳು ನಕ್ಕರೆ ನಗಲಿ.

ಆಟದ ಹೆಸರು 'ಟ್ರಾಪಿಕೊ'. ಇದರ ಮೊದಲ ಆವೃತ್ತಿ 2001ರಲ್ಲಿ ಅಮೆರಿಕದ ಪಾಪ್‌ಟಾಪ್ ಎಂಬ ಸಂಸ್ಥೆಯಿಂದ ಹೊರಬಂದಿತು. ನಾವು ಕಂಡದ್ದು ನಾಲ್ಕನೆಯದು, 2011ರದು. ಬಲ್ಗೇರಿಯಾದ ಹೇಮಿಮಾಂಟ್ ಸಂಸ್ಥೆಯವರು ರೂಪಿಸಿದ್ದು. ಕೆರಿಬಿಯನ್ ಸಮುದ್ರದ ನಡುವೆ ಒಂದು ಕಲ್ಪಿತ ದ್ವೀಪ. ಆಡುವವನು ಅದರ ಸರ್ವಾಧಿಕಾರಿ. ಅವನನ್ನು ಎಲ್ಲರೂ 'ಎಲ್ ಪ್ರೆಸಿಡೆಂಟೆ' ಎಂದು ಸಂಬೋಧಿಸುತ್ತಾರೆ. ಕಾಲವು 1950ರ ಸುಮಾರಿನಿಂದ ಆರಂಭವಾಗುತ್ತದೆ, ಎಂದರೆ ಹೆಚ್ಚುಕಡಿಮೆ ನಮ್ಮ ಜನನದ ವರ್ಷದಿಂದ. ಒಂದು ಅರಮನೆ, ಒಂದು ಬಂದರು, ಕೆಲವು ಹೊಲಗಳು, ಕೆಲವು ಗುಡಿಸಲುಗಳು, ಐವತ್ತು ಅರವತ್ತು ಜನ. ಅಲ್ಲಿಂದ ಮುಂದೆ ರಸ್ತೆ, ಮನೆ, ಕಾರ್ಖಾನೆ, ದವಾಖಾನೆ, ಸೆರೆಮನೆ ಎಲ್ಲವನ್ನೂ ದೊರೆಯೇ ಕಟ್ಟಿಸಬೇಕು. ಒಂದು ಕಡೆ ಅಮೆರಿಕ, ಇನ್ನೊಂದು ಕಡೆ ಸೋವಿಯತ್ ರಷ್ಯ. ಇಬ್ಬರನ್ನೂ ಓಲೈಸಿ ಇಬ್ಬರಿಂದಲೂ ನೆರವು ಪಡೆಯುವುದು ಜಾಣತನ.

ಮೊದಲು ಇದರ ಗುಣವನ್ನು ಹೇಳಬೇಕು. ಇಲ್ಲಿ ಯಾವುದೂ ಮಂತ್ರದಿಂದ ಆಗುವುದಿಲ್ಲ. ಕಬ್ಬು ಬೆಳೆಯಬೇಕು, ಕೂಲಿಯವನು ಕಡಿಯಬೇಕು, ಸಾಗಾಟದವನು ಬಂದು ಹೊರಬೇಕು, ರಮ್ಮು ತಯಾರಾಗಬೇಕು, ಹಡಗು ಬಂದ ಮೇಲೆಯೇ ಹಣ. ನಡುವೆ ಒಬ್ಬ ಸಾಗಾಟದವನಿಗೆ ಹಸಿವಾಗಿ ಊಟಕ್ಕೆ ಹೋದರೆ ರಾಜ್ಯದ ಬೊಕ್ಕಸವೇ ಕಾಯುತ್ತ ನಿಲ್ಲುತ್ತದೆ. ಗಡಹಿಂಗ್ಲಜದ ಕಡೆ ಕಬ್ಬಿನ ಗಾಡಿಗಳು ಕಾರ್ಖಾನೆಯ ಮುಂದೆ ಸಾಲುಗಟ್ಟಿ ನಿಲ್ಲುವುದನ್ನು ಬಾಲ್ಯದಿಂದ ಕಂಡ ನಮಗೆ ಇದು ತೀರ ಪರಿಚಿತ ದೃಶ್ಯವಾಗಿ ತೋರಿತು. ಅರ್ಥಶಾಸ್ತ್ರದ ಪಾಠವನ್ನು ನಾವು ಎಷ್ಟೋ ವರ್ಷ ಕಪ್ಪು ಹಲಗೆಯ ಮೇಲೆ ಬಾಣದ ಗುರುತುಗಳಿಂದ ಬೋಧಿಸಿದೆವು. ಆ ಬಾಣದ ಗುರುತು ವಾಸ್ತವದಲ್ಲಿ ಬಿಸಿಲಲ್ಲಿ ನಡೆಯುವ ಮನುಷ್ಯ ಎಂಬುದನ್ನು ಈ ಆಟ ನಮಗಿಂತ ಚೆನ್ನಾಗಿ ಕಲಿಸುತ್ತದೆ.

ಇನ್ನೊಂದು ಗುಣ ಇದಕ್ಕಿಂತ ದೊಡ್ಡದು. ದ್ವೀಪದ ಯಾವ ಪ್ರಜೆಯ ಮೇಲೆ ಗುರುತಿಟ್ಟು ಒತ್ತಿದರೂ ಅವನ ಹೆಸರು, ಕುಟುಂಬ, ಕೆಲಸ, ಮನಸ್ಸಿನಲ್ಲಿ ಆ ಕ್ಷಣ ಓಡುತ್ತಿರುವ ವಿಚಾರ ಎಲ್ಲವೂ ತೆರೆದುಕೊಳ್ಳುತ್ತವೆ. ಆಹಾರ, ವಸತಿ, ವೈದ್ಯ, ದೇವರು, ಮನರಂಜನೆ, ಉದ್ಯೋಗ, ಸ್ವಾತಂತ್ರ್ಯ ಇವುಗಳಲ್ಲಿ ಅವನಿಗೆಷ್ಟು ತೃಪ್ತಿ ಎಂಬುದು ಅಂಕಿಗಳಲ್ಲಿ ಕಾಣುತ್ತದೆ. ನಾವು ಒಬ್ಬ ತಂಬಾಕಿನ ಹೊಲದ ಹೆಣ್ಣುಮಗಳನ್ನು ಆರಿಸಿಕೊಂಡೆವು. ಅವಳಿಗೆ ಸ್ಪ್ಯಾನಿಷ್ ಹೆಸರಿತ್ತು. ಉಚ್ಚಾರಕ್ಕೆ ತೊಡಕಾದುದರಿಂದ ನಾವಿಬ್ಬರೂ ಅವಳನ್ನು ಗಂಗವ್ವ ಎಂದು ಕರೆದೆವು. ಅವಳದು ತಗಡಿನ ಗುಡಿಸಲು, ಹತ್ತಿರ ದವಾಖಾನೆಯಿಲ್ಲ. ಮೊಮ್ಮಗ ರಾಜ್ಯವನ್ನಾಳುತ್ತಿದ್ದರೆ ನಾವು ನಾಲ್ಕು ನಿಮಿಷಕ್ಕೊಮ್ಮೆ "ಗಂಗವ್ವನನ್ನು ತೋರಿಸು" ಎಂದು ಪೀಡಿಸುತ್ತಿದ್ದೆವು. ಆಟದ ರಚನಾಕಾರರು ದೊರೆಗೆ ಇಂಥ ಕಿಟಕಿಯನ್ನು ಇಟ್ಟಿದ್ದಾರೆ. ಆದರೆ ಅದನ್ನು ತೆರೆಯಲೇಬೇಕೆಂಬ ಕಟ್ಟಳೆ ಇಟ್ಟಿಲ್ಲ. ತೆರೆಯದೆಯೂ ಗೆಲ್ಲಬಹುದು.

ಆಟದ ಜೀವಾಳ ವಿಡಂಬನೆ. ದೊರೆಗೆ ಸ್ವಿಟ್ಜರ್ಲೆಂಡಿನಲ್ಲಿ ಒಂದು ಗುಪ್ತ ಖಾತೆಯಿದೆ. ಕಟ್ಟಡಗಳ ವೆಚ್ಚವನ್ನು ಹೆಚ್ಚಿಸಿ, ಹೆಚ್ಚಿದ್ದರಲ್ಲಿ ಒಂದು ಪಾಲು ಆ ಖಾತೆಗೆ ಹೋಗುವಂತೆ ಮಾಡುವ ಶಾಸನವೊಂದುಂಟು. ಪುಸ್ತಕಗಳನ್ನು ಸುಡಿಸುವ ಶಾಸನವುಂಟು. ಅದಕ್ಕೆ ಬುದ್ಧಿಜೀವಿಗಳ ಪಂಗಡ ಸಿಡಿಮಿಡಿಗೊಳ್ಳುತ್ತದೆ. ಪೆನುಲ್ಟಿಮೊ ಎಂಬ ಆಪ್ತನು ಎಲ್ಲಕ್ಕೂ ಹೊಗಳುತ್ತ ಪಕ್ಕದಲ್ಲಿರುತ್ತಾನೆ. ಆ ಹೆಸರಿಗೆ 'ಕೊನೆಯವನಿಗಿಂತ ಒಂದು ಮೆಟ್ಟಿಲು ಮೇಲಿನವನು' ಎಂದು ಅರ್ಥ. ಇಂಥವರು ನಮ್ಮ ಕಡೆ ತಾಲೂಕು ಮಟ್ಟದಲ್ಲಿಯೇ ಧಾರಾಳವಾಗಿ ದೊರಕುತ್ತಾರೆ. ಮೊದಮೊದಲು ನಾವು ಮನಸಾರೆ ನಕ್ಕೆವು. ಆರನೆಯ ದಿನದ ಹೊತ್ತಿಗೆ ನಗೆ ಕಡಿಮೆಯಾಯಿತು. ವಿಡಂಬನೆಯು ಅಪರಾಧಿಯನ್ನು ಚುಚ್ಚಬೇಕು. ಇಲ್ಲಿ ಅಪರಾಧಿಯ ಕುರ್ಚಿಯಲ್ಲಿ ಕುಳಿತವನೇ ನಗುವವನೂ ಆಗಿರುವುದರಿಂದ ಚುಚ್ಚು ತನ್ನ ಮೊನೆಯನ್ನು ಕಳೆದುಕೊಳ್ಳುತ್ತದೆ. ಬೊಕ್ಕಸದಿಂದ ಕದ್ದದ್ದು ಕೊನೆಗೆ ಅಂಕಗಳಾಗಿ ಬರುತ್ತದೆ.

ಈ ಹಂತದಲ್ಲಿ ನಮಗೆ ಗಿರೀಶ ಕಾರ್ನಾಡರ 'ತುಘಲಕ್' ನೆನಪಾದುದು ಸಹಜ. 1964ರ ಆ ನಾಟಕದ ಸುಲ್ತಾನನೂ ಚದುರಂಗದ ಪ್ರೇಮಿ. ಅವನೂ ದಿಲ್ಲಿಯನ್ನೆತ್ತಿ ದೌಲತಾಬಾದಿನಲ್ಲಿಡುತ್ತಾನೆ, ತಾಮ್ರದ ನಾಣ್ಯವನ್ನು ಬೆಳ್ಳಿಯೆಂದು ಸಾರುತ್ತಾನೆ. ರಾಜ್ಯವನ್ನು ಒಂದು ಮಣೆಯಂತೆ ಎಣಿಸುತ್ತಾನೆ. ಆದರೆ ಕಾರ್ನಾಡರು ಅವನ ನಿದ್ರೆಯನ್ನು ಕಸಿದಿದ್ದಾರೆ. ಅವನ ಪ್ರತಿಯೊಂದು ನಡೆಗೂ ಅವನ ರಾತ್ರಿಗಳು ಲೆಕ್ಕ ಕೇಳುತ್ತವೆ. ಟ್ರಾಪಿಕೊದ ದೊರೆ ಚೆನ್ನಾಗಿ ನಿದ್ರಿಸುತ್ತಾನೆ. ಅಷ್ಟೇ ಅಲ್ಲ, ಅನಾಹುತವಾದರೆ ಹಿಂದೆ ಉಳಿಸಿಟ್ಟ ಒಂದು ದಿನಕ್ಕೆ ಮರಳಿ ಹೋಗಿ ಮತ್ತೆ ಆಡುತ್ತಾನೆ. ಮರಳಿ ಹೋಗುವ ದಾರಿ ಇದ್ದಲ್ಲಿ ದುರಂತಕ್ಕೆ ಎಡೆಯಿಲ್ಲ. ನಾಟಕವು ಆಟಕ್ಕಿಂತ ದೊಡ್ಡದಾಗುವುದು ಇಲ್ಲಿಯೇ ಎಂದು ನಮ್ಮ ಅಭಿಪ್ರಾಯ.

ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರದು ಇದಕ್ಕೆ ತಿರುಗುಮುರುಗಾದ ಕಥೆ. 1799ರಲ್ಲಿ ಐದು ವರ್ಷದ ಬಾಲಕನಾಗಿ ಪಟ್ಟವೇರಿದ ಅವರ ಕೈಯಿಂದ 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡರು. 1868ರವರೆಗೂ ಬದುಕಿದ ಆ ಅರಸರು ಮಣೆಯಾಟಗಳನ್ನೂ ಚದುರಂಗದ ಕುದುರೆ ನಡೆಯ ಸಮಸ್ಯೆಗಳನ್ನೂ ಬೆರಗಾಗುವಷ್ಟು ರಚಿಸಿದರು. ಅವರ ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿ ಎಂಬ ಭಾಗವೇ ಆಟಗಳಿಗೆ ಮೀಸಲು. ರಾಜ್ಯವನ್ನು ಕಳೆದುಕೊಂಡ ದೊರೆ ಆಟ ಕಟ್ಟಿದರು. ಇಲ್ಲಿ ರಾಜ್ಯವೇ ಇಲ್ಲದ ಹುಡುಗ ಆಟದಲ್ಲಿ ದೊರೆಯಾಗುತ್ತಾನೆ. ಎರಡನೆಯದಕ್ಕಿಂತ ಮೊದಲನೆಯದು ಹೆಚ್ಚು ಘನತೆಯದು ಎಂದು ತೋರುತ್ತದೆ, ಕಾರಣ ಹೇಳೆಂದರೆ ನಮಗೆ ಸುಲಭವಾಗದು.

ತಂಬಾಕಿನ ವಿಷಯಕ್ಕೆ ಮರಳೋಣ. ಗಂಗವ್ವ ಬೆಳೆದ ತಂಬಾಕು ಅವಳದಲ್ಲ. ಹೊಲ ಸರಕಾರದ್ದು, ಕೂಲಿ ನಿರ್ಧರಿಸುವವನು ದೊರೆ, ಚುಟ್ಟದ ಕಾರ್ಖಾನೆಯೂ ದೊರೆಯದೇ. ಅತೃಪ್ತಳಾದರೆ ಅವಳು ವಿರುದ್ಧ ಮತ ಹಾಕಬಹುದು, ಪ್ರತಿಭಟಿಸಬಹುದು, ಕಾಡಿಗೆ ಹೋಗಿ ಬಂಡುಗಾರಳಾಗಬಹುದು. ಆದರೆ ಬೆಲೆಯ ಬಗ್ಗೆ ಒಂದು ಮಾತು ಆಡುವ ಹಕ್ಕು ಅವಳಿಗಿಲ್ಲ, ಏಕೆಂದರೆ ಮಾರುವವಳು ಅವಳಲ್ಲ. ಉತ್ತೂರಿನಲ್ಲಿ ಕುಳಿತು ಇದನ್ನು ನೋಡುವವನಿಗೆ ನಿಪ್ಪಾಣಿ ನೆನಪಾಗದೆ ಇರದು. 1981ರಲ್ಲಿ ಅಲ್ಲಿಯ ತಂಬಾಕು ಬೆಳೆಗಾರರು ಶರದ ಜೋಶಿಯವರ ನಾಯಕತ್ವದಲ್ಲಿ ಬೆಲೆಗಾಗಿ ಹೆದ್ದಾರಿಯಲ್ಲಿ ಕುಳಿತರು. ಕನ್ನಡದವರು ಮರಾಠಿಯವರು ಎಂಬ ಭೇದ ಆ ಡಾಂಬರಿನ ಮೇಲೆ ಇರಲಿಲ್ಲ. ಕೊನೆಗೆ ಗುಂಡು ಹಾರಿತು, ರೈತರು ಸತ್ತರು. ಆಟದಲ್ಲಿಯೂ ಗುಂಡು ಹಾರಿಸಬಹುದು. ಸತ್ತವನ ಬಂಧುಗಳ ಗೌರವದ ಅಂಕಿ ಇಳಿಯುತ್ತದೆ ಎಂಬುದಷ್ಟೇ ಫಲ. ಇನ್ನು ಸಹಕಾರ ಸಂಘವೆಂಬ ಕಲ್ಪನೆಯೇ ಆಟದಲ್ಲಿಲ್ಲ. ಬಂಡವಾಳಶಾಹಿಗಳ ಪಂಗಡವಿದೆ, ಸಮತಾವಾದಿಗಳ ಪಂಗಡವಿದೆ. ಕಬ್ಬು ಬೆಳೆದವನೇ ಕಾರ್ಖಾನೆಯ ಪಾಲುದಾರನಾಗುವ ಮೂರನೆಯ ದಾರಿ ಆಟ ರೂಪಿಸಿದವರಿಗೆ ಹೊಳೆದಿಲ್ಲ. ಇಚಲಕರಂಜಿಯ ಬಳಿ ರತ್ನಪ್ಪಣ್ಣ ಕುಂಭಾರರು ಪಂಚಗಂಗಾ ಸಹಕಾರಿ ಸಕ್ಕರೆ ಕಾರ್ಖಾನೆಯನ್ನು ಕಟ್ಟಿದ್ದನ್ನು ಕಂಡಿದ್ದರೆ ಹೊಳೆಯುತ್ತಿತ್ತೇನೋ. ನಮ್ಮ ಸಹಕಾರದ ಇಂದಿನ ಸ್ಥಿತಿಯನ್ನು ಕಂಡು ಅವರು ಹಿಂಜರಿಯಲೂಬಹುದು.

ನಮಗೆ ಎಲ್ಲಕ್ಕಿಂತ ಹೆಚ್ಚಾಗಿ ಬಾಧಿಸಿದ್ದು ಶಾಲೆ. ದ್ವೀಪದಲ್ಲಿ ಶಾಲೆಯೆಂದರೆ ಒಂದು ಕಟ್ಟಡ. ಹಣ ಕೊಟ್ಟರೆ ಏಳುತ್ತದೆ. ಓದಿದ ಅಧ್ಯಾಪಕ ಊರಿನಲ್ಲಿ ಇಲ್ಲದಿದ್ದರೆ ಮತ್ತಷ್ಟು ಹಣ ತೆತ್ತು ವಿದೇಶದಿಂದ ತರಿಸಬಹುದು. ಒಂದು ಕಡೆಯಿಂದ ಅಶಿಕ್ಷಿತರು ಒಳಹೋಗುತ್ತಾರೆ, ಕೆಲವು ವರ್ಷಗಳಲ್ಲಿ ಇನ್ನೊಂದು ಕಡೆಯಿಂದ ಕಾರ್ಖಾನೆಗೆ ಯೋಗ್ಯರಾದವರು ಹೊರಬರುತ್ತಾರೆ. ಯಾವ ಭಾಷೆಯಲ್ಲಿ ಕಲಿತರು? ಆ ಪ್ರಶ್ನೆಗೆ ಅಂಕಣವೇ ಇಲ್ಲ. ವಲಸೆ ಬಂದವನು ಹಡಗಿನಿಂದ ಇಳಿದೊಡನೆ ಎಲ್ಲರ ಮಾತನ್ನೂ ಬಲ್ಲವನಾಗುತ್ತಾನೆ. ದೇವರ ಬಗ್ಗೆ, ಅನ್ನದ ಬಗ್ಗೆ, ಗಾಳಿಯ ಶುದ್ಧತೆಯ ಬಗ್ಗೆ ಕೂಡ ಪ್ರಜೆಯ ಮನಸ್ಸನ್ನು ಅಳೆಯುವ ಈ ಆಟವು, ಅವನು ಯಾವ ನುಡಿಯಲ್ಲಿ ಯೋಚಿಸುತ್ತಾನೆ ಎಂಬುದನ್ನು ಕೇಳುವುದೇ ಇಲ್ಲ.

ಕೊಲ್ಹಾಪುರ ಸಂಸ್ಥಾನದಲ್ಲಿ ಶಾಹೂ ಮಹಾರಾಜರು 1917ರಲ್ಲಿ ಉಚಿತ ಹಾಗೂ ಕಡ್ಡಾಯ ಪ್ರಾಥಮಿಕ ಶಿಕ್ಷಣವನ್ನು ಸಾರಿದರು. ಅವರು ಆರಂಭಿಸಿದ ರಾಧಾನಗರಿ ಅಣೆಕಟ್ಟು ಪೂರ್ಣವಾದದ್ದು ಸ್ವಾತಂತ್ರ್ಯಾನಂತರ. ಅವರು 1922ರಲ್ಲಿಯೇ ತೀರಿಕೊಂಡಿದ್ದರು. ನೋಡಲಾಗದ ಫಲಕ್ಕಾಗಿ ಕಟ್ಟಿದ ದೊರೆ ಅವರು. ಅಂಥ ಸಂಸ್ಥಾನ 1949ರಲ್ಲಿ ಮುಂಬಯಿ ಪ್ರಾಂತದಲ್ಲಿ ವಿಲೀನವಾಯಿತು. 1956ರ ನವೆಂಬರ್ 1ರಂದು ರಾಜ್ಯಗಳ ಗೆರೆಯನ್ನು ಎಳೆದಾಗ ನಾವು ಪಾಟಿ ಹಿಡಿದು ಶಾಲೆಗೆ ಹೋಗುವ ವಯಸ್ಸಿನವರು. 1967ರ ಮಹಾಜನ ವರದಿಯಲ್ಲಿ ಗಡಹಿಂಗ್ಲಜ ತಾಲೂಕಿನ ಕೆಲವು ಹಳ್ಳಿಗಳ ಹೆಸರೂ ಇದ್ದವು. ಹೆಸರು ವರದಿಯಲ್ಲಿಯೇ ಉಳಿಯಿತು. ಅಲ್ಲೆಲ್ಲ ಮಣೆ ಯಾರದೋ, ನಡೆ ಯಾರದೋ. ನಾವು ಮಣೆಯ ಮೇಲಿದ್ದವರು. ಯಾರ ಮೇಲೂ ನಮಗೆ ದ್ವೇಷವಿಲ್ಲ. ಮರಾಠಿ ನಮ್ಮ ಸಂತೆಯ, ಕಚೇರಿಯ, ನೆರೆಮನೆಯ ಮಾತು. ಅದರ ಋಣ ನಮ್ಮ ಮೇಲೆ ದೊಡ್ಡದು. ಆದರೆ ಮೇಲಿನಿಂದ ನೋಡಿದಾಗ ಒಂದು ನಾಡು ಹೇಗೆ ಕಾಣುತ್ತದೆ ಎಂಬುದನ್ನು ಹದಿನೆಂಟು ದಿನ ನೋಡಿದ ಮೇಲೆ, ಅಂದು ನಕ್ಷೆಯ ಮೇಲೆ ಬಾಗಿದವರಿಗೆ ನಾವು ಹೇಗೆ ಕಂಡಿದ್ದೆವು ಎಂಬುದು ಮೊದಲ ಬಾರಿಗೆ ನಮಗೆ ಅರ್ಥವಾಯಿತು. ಕೆಟ್ಟವರಾಗಿ ಕಂಡಿರಲಿಲ್ಲ. ಸಣ್ಣವರಾಗಿ ಕಂಡಿದ್ದೆವು.

ಈ ಮಾತನ್ನು ಮೊಮ್ಮಗನಿಗೆ ಹೇಳಬೇಕೆಂದು ನಮ್ಮ ಆಸೆ. ಹೇಳಿದ್ದು ಮರಾಠಿಯಲ್ಲಿ. ಅವನು ಇಂಗ್ಲಿಷಿನಲ್ಲಿದ್ದ ಆಟವನ್ನು ನಮಗೆ ಮರಾಠಿಯಲ್ಲಿ ವಿವರಿಸಿದ, ನಾವು ಕನ್ನಡದಲ್ಲಿ ಟಿಪ್ಪಣಿ ಬರೆದುಕೊಂಡೆವು. ಆ ಟಿಪ್ಪಣಿಯನ್ನಾಗಲಿ ಈ ಲೇಖನವನ್ನಾಗಲಿ ಅವನು ಓದಲಾರ. ಮೂವತ್ತಕ್ಕೂ ಹೆಚ್ಚು ವರ್ಷ ಪರರ ಮಕ್ಕಳಿಗೆ ಅಕ್ಷರ ತಿದ್ದಿಸಿದವರ ಮನೆಯ ಸ್ಥಿತಿ ಇದು. ಸಂಘದ ಬಂಧುಗಳಲ್ಲಿ ಹಲವರ ಮನೆಯಲ್ಲಿ ಇದೇ ಲೆಕ್ಕ ಎಂದು ಬಲ್ಲೆವಾದ್ದರಿಂದ ಮುಚ್ಚಿಡದೆ ಬರೆದಿದ್ದೇವೆ.

ಹದಿನಾರನೆಯ ದಿನ ದ್ವೀಪದಲ್ಲಿ ಚುನಾವಣೆ ಬಂತು. ಮತಗಳನ್ನು ತಿದ್ದಬೇಕೆಂದು ಹುಡುಗ, ಕೂಡದೆಂದು ನಾವು. ನಮ್ಮ ಮಾತು ನಡೆಯಿತು; ಎಲ್ ಪ್ರೆಸಿಡೆಂಟೆ ಸೋತ, ಆಟ ಮುಗಿಯಿತು. ಗಂಗವ್ವನೂ ವಿರುದ್ಧವೇ ಮತ ಹಾಕಿದಳೆಂದು ನಮ್ಮ ಊಹೆ, ಹಾಕಿದ್ದರೆ ಸರಿಯೇ. ಹುಡುಗನ ಮುಖ ಬಾಡಿತು. ನಾವು ಸ್ನಾನ ಮುಗಿಸಿ ಬರುವಷ್ಟರಲ್ಲಿ ಅವನು ಚುನಾವಣೆಯ ಹಿಂದಿನ ದಿನಕ್ಕೆ ಮರಳಿ, ಮತ ತಿದ್ದಿಸಿ, ಮತ್ತೆ ಗದ್ದುಗೆಯ ಮೇಲಿದ್ದ. ಏನನ್ನಾದರೂ ಹೇಳಬೇಕೆಂದು ಬಾಯಿ ತೆರೆದೆವು. ಅವನು ನಮಗಿಂತ ಮೊದಲೇ ಗಂಗವ್ವನ ಕಿಟಕಿಯನ್ನು ತೆರೆದು ತೋರಿಸಿದ. ಅವಳ ಗುಡಿಸಲಿನ ಬಳಿ ದವಾಖಾನೆ ಏಳುತ್ತಿತ್ತು.

ಪುಣೆಗೆ ಹೋದ ಮೇಲೂ ಆ ದ್ವೀಪ ಅವನ ಬಳಿ ಇದೆ. ಕಳೆದ ರವಿವಾರ ದೂರವಾಣಿಯಲ್ಲಿ, ನಾವು ಕೇಳದಿದ್ದರೂ, ಕನ್ನಡದಲ್ಲಿ ಒಂದು ವಾಕ್ಯ ಹೇಳಿದ: "ಗಂಗವ್ವಗ ಹೊಸ ಮನಿ ಸಿಕ್ಕೇತಿ." ಇದನ್ನು ಅಜ್ಜಿಯಿಂದ ಕೇಳಿ ಬರೆದುಕೊಂಡಿದ್ದನೆಂದು ಅನಂತರ ತಿಳಿಯಿತು. ದ್ವೀಪದಲ್ಲಿ ಶಾಲೆ ಎಷ್ಟು ಎಂದು ಕೇಳಿದೆವು. ಎರಡು ಎಂದ. ಮೂರನೆಯದು ಏಕಿಲ್ಲ ಎಂದೆವು. ಬೊಕ್ಕಸದಲ್ಲಿ ಹಣವಿಲ್ಲವಂತೆ. ಸ್ವಿಸ್ ಖಾತೆಯಲ್ಲಿ ಎಷ್ಟಿದೆ ಎಂದು ಕೇಳುವಷ್ಟರಲ್ಲಿ ಕರೆ ಕಡಿದುಹೋಯಿತು.