ಹಸಿರು ಹೊಗೆ ಕಂಡ ಮೇಲೆ

ಕಾಡಿನ ಮೇಲೆ ಹಸಿರು ಹೊಗೆ ಏಳುತ್ತದೆ. ಕ್ಯಾಪ್ಟನ್ ಲೀವಾಯ್ ಕರೆಯುತ್ತಿದ್ದಾನೆ ಎಂದುಕೊಂಡ ಅವನ ದಳದ ಸೈನಿಕ ಗುಂಟರ್, ತಾವಿರುವ ಜಾಗ ತಿಳಿಸಲು ತಾನೂ ಹೊಗೆ ಹಾರಿಸುತ್ತಾನೆ. ಸ್ವಲ್ಪ ಹೊತ್ತಿಗೆ ಮುಸುಕು ಹಾಕಿದ, ಅದೇ ದಳದ ಹಸಿರು ಮೇಲಂಗಿ ತೊಟ್ಟ ಒಬ್ಬರು ಮರಗಳ ನಡುವೆ ಹಾರುತ್ತ ಅವರ ಪಕ್ಕಕ್ಕೆ ಬರುತ್ತಾರೆ. ಬಂದದ್ದು ಲೀವಾಯ್ ಅಲ್ಲ ಎಂದು ಗುಂಟರ್‌ಗೆ ಹೊಳೆಯುವಷ್ಟರಲ್ಲಿ ಅವನ ಕುತ್ತಿಗೆ ಸೀಳಿ ಹೋಗಿರುತ್ತದೆ. ‘ಅಟ್ಯಾಕ್ ಆನ್ ಟೈಟನ್’ ಸರಣಿಯ ಮೊದಲ ಸೀಸನ್ನಿನ 21ನೆಯ ಕಂತಿನ ಈ ದೃಶ್ಯವನ್ನು ನಾನು ಹಲವು ಸಲ ನೋಡಿದ್ದೇನೆ. ಪ್ರತಿ ಸಲವೂ ಅದೇ ಪ್ರಶ್ನೆ ಕಾಡುತ್ತದೆ: ಗುಂಟರ್ ಮತ್ತು ಅವನ ಮೂವರು ಸಂಗಾತಿಗಳು ಸಾಯಲೇಬೇಕಿತ್ತೇ?

ಹಾಜಿಮೆ ಇಸಾಯಾಮಾ 2009ರಲ್ಲಿ ಆರಂಭಿಸಿ 2021ರಲ್ಲಿ ಮುಗಿಸಿದ ಮಾಂಗಾ ಇದು. ತೆತ್ಸುರೊ ಅರಾಕಿ ನಿರ್ದೇಶನದಲ್ಲಿ ವಿಟ್ ಸ್ಟುಡಿಯೊ 2013ರಲ್ಲಿ ಅದನ್ನು 25 ಕಂತುಗಳ ಅನಿಮೆಯಾಗಿ ತೆರೆಗೆ ತಂದಿತು. ಮನುಷ್ಯರನ್ನು ತಿನ್ನುವ ದೈತ್ಯರಿಗೆ, ಅಂದರೆ ಟೈಟನ್‌ಗಳಿಗೆ ಹೆದರಿ ಜನ ಮಹಾಗೋಡೆಗಳ ಒಳಗೆ ಬದುಕುತ್ತಾರೆ. ಗೋಡೆ ದಾಟಿ ಹೋಗುವ ಶೋಧ ದಳದ 57ನೆಯ ಯಾತ್ರೆಯೇ ಕಾಡಿನ ಪ್ರಸಂಗ. ಟೈಟನ್ ಆಗಬಲ್ಲ ಹುಡುಗ ಎರೆನ್ ಆ ದಳದಲ್ಲಿದ್ದಾನೆ. ಲೀವಾಯ್ ಮತ್ತು ಅವನ ಕೈಕೆಳಗಿನ ಗುಂಟರ್, ಎಲ್ಡ್, ಓಲುವೊ, ಪೆಟ್ರಾ ಎಂಬ ನಾಲ್ವರು ಅವನ ಕಾವಲಿಗಿದ್ದಾರೆ. ಎರೆನ್‌ನ ಹುಟ್ಟೂರಿಗೆ ದಾರಿ ಮಾಡುವುದು ಯಾತ್ರೆಯ ಉದ್ದೇಶವೆಂದು ಸೈನಿಕರಿಗೆ ಹೇಳಲಾಗಿದೆ. ಆದರೆ ಹೆಣ್ಣು ರೂಪದ ಟೈಟನ್ ಒಂದು ಬಲಪಕ್ಕದ ಸಾಲುಗಳನ್ನು ಸೀಳಿಕೊಂಡು ನುಗ್ಗಿದಾಗ ದಳಪತಿ ಎರ್ವಿನ್ ಸ್ಮಿತ್ ವ್ಯೂಹದ ನಡುಭಾಗವನ್ನು ಸೀದಾ ದೈತ್ಯಮರಗಳ ಕಾಡಿನೊಳಕ್ಕೆ ನಡೆಸುತ್ತಾನೆ. ಹೊಸಬರಿಗೆ ಸಿಗುವ ಆಜ್ಞೆ ಒಂದೇ: ಕಾಡಿನ ಅಂಚಿನ ಮರ ಹತ್ತಿ, ಕತ್ತಿ ಹಿರಿದು ನಿಲ್ಲಿ, ಯಾವ ಟೈಟನ್ನೂ ಒಳಗೆ ಬರದಂತೆ ನೋಡಿಕೊಳ್ಳಿ. ಕಾರಣ ಮಾತ್ರ ಹೇಳುವುದಿಲ್ಲ.

ಕಾಡೇ ಏಕೆ ಎಂಬ ಪ್ರಶ್ನೆಗೆ ಕಥೆಯೊಳಗೇ ಗಟ್ಟಿಯಾದ ಉತ್ತರವಿದೆ. ಈ ಸೈನಿಕರು ಸೊಂಟಕ್ಕೆ ಕಟ್ಟಿದ ಯಂತ್ರದಿಂದ ಕೊಕ್ಕೆಯ ತಂತಿ ಎಸೆದು, ಗ್ಯಾಸಿನ ಬಲದಿಂದ ಹಾರುತ್ತ ಕಾದಾಡುವವರು. ಬಯಲಿನಲ್ಲಿ ಕೊಕ್ಕೆ ಸಿಕ್ಕಿಸಲು ಏನೂ ಇಲ್ಲ, ಅಲ್ಲಿ ಅವರು ಬರೀ ಕುದುರೆ ಸವಾರರು. ಎತ್ತರದ ಮರಗಳಿದ್ದರೆ ಮಾತ್ರ ಅವರಿಗೆ ರೆಕ್ಕೆ ಬಂದಂತೆ. ಅಷ್ಟೇ ಅಲ್ಲ, ಬೆನ್ನಟ್ಟಿ ಬರುವವಳು ಒಂದೇ ದಾರಿ ಹಿಡಿಯಲೇಬೇಕು. ಆ ದಾರಿಯ ಇಕ್ಕೆಲಗಳಲ್ಲಿ ಪೀಪಾಯಿಗಳೊಳಗೆ ತಂತಿ, ಮೊಳೆಗಳನ್ನು ತುಂಬಿ ಬಲೆ ಹೂಡಲಾಗಿದೆ. ನೋಡುಗರಿಗೆ ಇದು ಸೈನಿಕರಿಗಿಂತ ಒಂದು ಕ್ಷಣವೂ ಮೊದಲು ತಿಳಿಯುವುದಿಲ್ಲ. ಎರೆನ್‌ನಷ್ಟೇ ಕಂಗಾಲಾಗಿ ನಾವೂ ಕುದುರೆ ಮೇಲೆ ಕೂತಿರುತ್ತೇವೆ. ಅರಾಕಿ ಅವರ ಜಾಣ್ಮೆ ಇರುವುದು ಇಲ್ಲಿ: ಮರದ ಕಾಂಡಗಳು ರಪರಪನೆ ಹಿಂದೆ ಸರಿಯುತ್ತವೆ, ಹಿಂದಿನಿಂದ ಹೆಜ್ಜೆಯ ಸದ್ದು ಬೆಳೆಯುತ್ತ ಬರುತ್ತದೆ, ಲೀವಾಯ್ ಮಾತ್ರ ತಿರುಗಿಯೂ ನೋಡುವುದಿಲ್ಲ.

ಗುಟ್ಟು ಏಕೆ ಎಂಬ ಎರಡನೆಯ ಪ್ರಶ್ನೆಯನ್ನು 20ನೆಯ ಕಂತು ಮರದ ಕೊಂಬೆಯ ಮೇಲೆ ನಿಂತ ಇಬ್ಬರು ಹುಡುಗರ ಬಾಯಲ್ಲಿ ಚರ್ಚೆಗೆ ಇಡುತ್ತದೆ. ದಳದೊಳಗೇ ಗೂಢಚಾರರಿದ್ದಾರೆ ಎಂಬ ಗುಮಾನಿಯಿಂದ ಎರ್ವಿನ್, ಐದು ವರ್ಷಕ್ಕೂ ಹಿಂದೆ, ಅಂದರೆ ಟೈಟನ್‌ಗಳು ಗೋಡೆ ಒಡೆಯುವ ಮೊದಲೇ ದಳದಲ್ಲಿದ್ದು ಬದುಕುಳಿದವರಿಗಷ್ಟೇ ನಿಜ ಹೇಳಿದ್ದ. ಮಿಕ್ಕವರು ಕಾರಣ ತಿಳಿಯದೆಯೇ ಸತ್ತರು. ಇದು ತಪ್ಪಲ್ಲವೇ ಎಂದು ಜಾನ್ ಸಿಡಿಯುತ್ತಾನೆ. ಫಲಿತಾಂಶ ಕಂಡ ಮೇಲೆ ಹೀಗೆ ಮಾಡಬೇಕಿತ್ತು ಎನ್ನುವುದು ಸುಲಭ, ನಿರ್ಧಾರ ತೆಗೆದುಕೊಳ್ಳುವವನಿಗೆ ಆ ಫಲಿತಾಂಶ ಕಾಣುವುದಿಲ್ಲ ಎಂಬುದು ಆರ್ಮಿನ್‌ನ ವಾದ. ಆರ್ಮಿನ್‌ನ ಮಾತಿಗೆ ತೂಕವಿದೆ, ಜಾನ್‌ನ ಸಿಟ್ಟಿಗೂ ಇದೆ. ಕಂತು ಇಬ್ಬರನ್ನೂ ಹಾಗೆಯೇ ಬಿಡುತ್ತದೆ. ತೀರ್ಪು ಕೊಡುವ ಆತುರ ಅದಕ್ಕಿಲ್ಲ.

ಆದರೆ ಇಡೀ ಪ್ರಸಂಗದ ಜೀವ ಇರುವುದು ಒಂದು ಕೈಯ ಮೇಲಿನ ಗಾಯದಲ್ಲಿ. 19ನೆಯ ಕಂತಿನಲ್ಲಿ, ಓಡುವ ಕುದುರೆಯ ಮೇಲೆ ಎರೆನ್ ಟೈಟನ್ ಆಗಲೆಂದು ತನ್ನ ಕೈಯನ್ನು ಕಚ್ಚಿಕೊಳ್ಳಲು ಬಾಯಿಗೆ ತರುತ್ತಾನೆ. ಪೆಟ್ರಾ ತಡೆಯುತ್ತಾಳೆ, ನಮ್ಮನ್ನು ನಂಬು ಎಂದು ಬೇಡುತ್ತಾಳೆ. ಆಗ ಅವನಿಗೆ ಅವಳ ಕೈಯ ಮೇಲಿನ ಹಲ್ಲಿನ ಗುರುತು ಕಾಣುತ್ತದೆ. ಹಿಂದೊಮ್ಮೆ ಕೆಳಗೆ ಬಿದ್ದ ಚಮಚ ಎತ್ತಿಕೊಳ್ಳಲು ಹೋದ ಎರೆನ್‌ಗೆ, ಅವನಿಗೇ ಅರಿವಿಲ್ಲದೆ ಟೈಟನ್ ತೋಳು ಮೂಡಿತ್ತು. ಈ ನಾಲ್ವರೂ ಕತ್ತಿ ಹಿಡಿದು ಅವನ ಸುತ್ತ ನಿಂತಿದ್ದರು. ಅದು ಅವನ ತಪ್ಪಲ್ಲ ಎಂದು ತಿಳಿದ ಮೇಲೆ ನಾಲ್ವರೂ ತಮ್ಮ ಕೈ ತಾವೇ ಕಚ್ಚಿಕೊಂಡಿದ್ದರು. ಅದೇ ಅವರ ಕ್ಷಮಾಪಣೆ. ಆ ಗುರುತು ನೋಡಿ ಎರೆನ್ ಅವರನ್ನು ನಂಬುತ್ತಾನೆ. ಆ ಕ್ಷಣಕ್ಕೆ ನಂಬಿದ್ದು ಸರಿ ಎನಿಸುತ್ತದೆ, ಏಕೆಂದರೆ ಬಲೆ ಬೀಳುತ್ತದೆ, ಟೈಟನ್ ಸೆರೆಯಾಗುತ್ತದೆ.

ಎರಡು ಕಂತು ಕಳೆದ ಮೇಲೆ, ಸೆರೆಯಾದವಳು ತಪ್ಪಿಸಿಕೊಂಡು ಬಂದಾಗ, ಅವನು ಮತ್ತೊಮ್ಮೆ ಅವರನ್ನೇ ನಂಬುತ್ತಾನೆ. ಗುಂಟರ್ ಸತ್ತ ಬಳಿಕ ಎಲ್ಡ್, ಓಲುವೊ, ಪೆಟ್ರಾ ಮೂವರೂ ಅವನನ್ನು ಮುಂದಕ್ಕೆ ಕಳಿಸಿ, ಮತ್ತೆ ಟೈಟನ್ ಆದವಳ ಎರಡೂ ಕಣ್ಣು ತೆಗೆಯುತ್ತಾರೆ. ಆದರೆ ಅವಳು 30 ಸೆಕೆಂಡ್ ಕಳೆಯುವ ಮೊದಲೇ ಒಂದೇ ಕಣ್ಣನ್ನು ಬೇಗ ವಾಸಿ ಮಾಡಿಕೊಂಡು ಎಲ್ಡ್‌ನನ್ನು ಕಚ್ಚಿ ತುಂಡರಿಸುತ್ತಾಳೆ, ಪೆಟ್ರಾಳನ್ನು ಮರಕ್ಕೆ ಒತ್ತಿ ತುಳಿಯುತ್ತಾಳೆ. ಓಲುವೊನ ಕತ್ತಿ ಅವಳ ಗಟ್ಟಿಯಾದ ಕುತ್ತಿಗೆಗೆ ತಾಗಿ ಮುರಿಯುತ್ತದೆ. ಎರೆನ್ ಆಮೇಲೆ ಟೈಟನ್ ಆಗಿ ಹೋರಾಡಿ, ಸೋಲುತ್ತಾನೆ. ಮೊದಲೇ ತಾನು ಹೋರಾಡಿದ್ದರೆ ಅವರು ಬದುಕುತ್ತಿದ್ದರು ಎಂಬ ಸಮಾಧಾನವನ್ನೂ ಕಥೆ ಅವನಿಗೆ ಉಳಿಸುವುದಿಲ್ಲ. ಇಂಥ ನಿಷ್ಠುರ ಬರವಣಿಗೆಯನ್ನು ಈ ಬಗೆಯ ಕಥೆಗಳಲ್ಲಿ ನಾನು ಕಂಡದ್ದು ಕಡಿಮೆ.

ಇಷ್ಟು ಮೆಚ್ಚಿಕೊಂಡ ಮೇಲೂ ಒಂದು ದೋಷವನ್ನು ಹೇಳದೆ ಇರಲಾರೆ. ಬಲೆಯಲ್ಲಿ ಸಿಕ್ಕವಳು ಕಿರುಚಿ ಸುತ್ತಲಿನ ಟೈಟನ್‌ಗಳನ್ನು ತನ್ನ ಮೈಮೇಲೆ ಕರೆದುಕೊಳ್ಳುತ್ತಾಳೆ. ಅವು ಅವಳನ್ನು ತಿನ್ನುವ ಗದ್ದಲದಲ್ಲಿ, ಎದ್ದ ಹಬೆಯ ಮರೆಯಲ್ಲಿ ಒಳಗಿದ್ದ ಮನುಷ್ಯಳು ತಪ್ಪಿಸಿಕೊಳ್ಳುತ್ತಾಳೆ. ಇದನ್ನು ಎರ್ವಿನ್ ಊಹಿಸುತ್ತಾನೆ. ಆಕೆ ಸೈನಿಕರ ವೇಷದಲ್ಲೇ, ಯಂತ್ರ ಕಟ್ಟಿಕೊಂಡೇ ಇರಬಹುದೆಂದು ಲೆಕ್ಕ ಹಾಕಿ ಲೀವಾಯ್‌ಗೆ ಗ್ಯಾಸ್, ಕತ್ತಿ ತುಂಬಿಸಿಕೊಂಡೇ ಹೋಗು ಎನ್ನುತ್ತಾನೆ. ಯಾತ್ರೆಗೆ ಮುಂಚೆಯೇ ದಳ ಸೆರೆಹಿಡಿದಿದ್ದ ಎರಡು ಟೈಟನ್‌ಗಳನ್ನು ಇದೇ ಯಂತ್ರ ಬಳಸಿ ಯಾರೋ ಕೊಂದಿದ್ದರು. ವೈರಿಗೆ ನಮ್ಮ ಯಂತ್ರ ಗೊತ್ತು ಎಂಬುದು ಅವನಿಗೆ ಅಂದೇ ತಿಳಿದಿತ್ತು. ಹೀಗಿದ್ದೂ ಎರೆನ್‌ನನ್ನು ಕಾಯುವ ನಾಲ್ವರಿಗೆ ಒಂದು ಗುಪ್ತ ಗುರುತು ಕೊಟ್ಟಿರಲಿಲ್ಲ. ಯಾರ ಕೈಗೂ ಸಿಗುವ ಹೊಗೆಯೇ ಅವರ ಸಂಕೇತ. ಹಿಂದಿರುಗುವ ಸೂಚನೆ ಕಂಡ ಅವರು ಕೆಲಸ ಮುಗಿಯಿತು, ಒಳಗಿದ್ದವರ ಮುಖ ನೋಡೋಣ ಎಂದು ನಿರಾಳವಾಗಿ ಹೊರಡುತ್ತಾರೆ. ಬಲೆಗೆ ಮೊದಲಿನ ಗುಟ್ಟಿಗೆ ಕಾರಣವಿತ್ತು, ಅದನ್ನು ಆರ್ಮಿನ್ ಸಮರ್ಥಿಸಿದ. ಬಲೆ ವಿಫಲವಾದ ಮೇಲಿನ ಮೌನಕ್ಕೆ ಯಾವ ಸಮರ್ಥನೆಯೂ ಇಲ್ಲ. ಯುದ್ಧದ ಗಡಿಬಿಡಿ ಎಂದು ಕೆಲವರು ಹೇಳಬಹುದು. ಲೀವಾಯ್‌ಗೆ ಗ್ಯಾಸ್ ತುಂಬಿಸುವಷ್ಟು ವ್ಯವಧಾನ ಇದ್ದವನ ವಿಷಯದಲ್ಲಿ ಆ ಮಾತನ್ನು ನಾನು ಒಪ್ಪಲಾರೆ. ಕಥೆಗೆ ಆ ಸಾವುಗಳು ಬೇಕಿದ್ದವು, ಅದಕ್ಕಾಗಿ ಅಷ್ಟು ಜಾಣ ದಳಪತಿಯನ್ನು ಒಂದು ಗಳಿಗೆ ಮರೆಗುಳಿಯಾಗಿಸಿದರು.

ಹೆಣ್ಣು ಟೈಟನ್, ಎರೆನ್ ಜೊತೆ ತರಬೇತಿ ಪಡೆದ ಆನಿ ಲಿಯೊನ್‌ಹಾರ್ಟ್ ಎಂಬುದು ಮುಂದಿನ ಕಂತುಗಳಲ್ಲಿ ಬಯಲಾಗುತ್ತದೆ. ಆ ಗುಟ್ಟು ಮೊದಲೇ ಗೊತ್ತಿದ್ದರೂ ಕಾಡಿನ ಪ್ರಸಂಗ ಸಪ್ಪೆಯಾಗುವುದಿಲ್ಲ. ಹೊಸಬರಲ್ಲಿ ಒಬ್ಬನಾದ ರೈನರ್ ಅವಳ ಹಿಡಿತದಿಂದ ತಪ್ಪಿಸಿಕೊಂಡ ಮೇಲೆ ಅವಳು ಒಂದು ಕ್ಷಣ ತನ್ನ ಅಂಗೈ ನೋಡಿಕೊಂಡು ದಿಕ್ಕು ಬದಲಿಸುವ ದೃಶ್ಯ, ರೈನರ್ ಯಾರೆಂದು ತಿಳಿದವರಿಗೆ ಎರಡನೆಯ ನೋಟದಲ್ಲಿ ಮೈ ನಡುಗಿಸುತ್ತದೆ. 22ನೆಯ ಕಂತಿನಲ್ಲಿ ದಳ ಊರಿಗೆ ಮರಳುವಾಗ ಪೆಟ್ರಾಳ ತಂದೆ ಲೀವಾಯ್ ಪಕ್ಕದಲ್ಲಿ ನಡೆಯುತ್ತ, ಮಗಳು ಬರೆದ ಕಾಗದದ ಬಗ್ಗೆ, ಅವಳ ಮದುವೆಯ ವಯಸ್ಸಿನ ಬಗ್ಗೆ ಮಾತಾಡುತ್ತಾರೆ. ಲೀವಾಯ್ ಒಂದು ಮಾತೂ ಆಡುವುದಿಲ್ಲ.

ಈ ಸರಣಿ ನೋಡದವರು ಮೊದಲ ಕಂತಿನಿಂದಲೇ ಶುರು ಮಾಡಿ. ನೋಡಿದವರು 19ನೆಯ ಕಂತಿಗೆ ಇನ್ನೊಮ್ಮೆ ಹೋಗಿ, ಪೆಟ್ರಾ ಎರೆನ್‌ನನ್ನು ತಡೆಯುವ ಗಳಿಗೆಯಲ್ಲಿ ಅವಳ ಕೈಯನ್ನು ನೋಡಿ.