ಶಾಲೆಯ ಸಾಧನೆಯೂ ಮಕ್ಕಳ ಹಿನ್ನೆಲೆಯೂ: ಕೋಲ್ಮನ್ ವರದಿಯ ಒಂದು ವಿಮರ್ಶೆ

ಶಾಲೆಯ ಮಕ್ಕಳು ಪರೀಕ್ಷೆಯಲ್ಲಿ ಗಳಿಸಿದ ಅಂಕಗಳ ಸರಾಸರಿಯನ್ನು ಆ ಶಾಲೆಯ ಯೋಗ್ಯತೆಯ ಅಳತೆಗೋಲೆಂದು ಭಾವಿಸುವುದು ಬಹುಕಾಲದಿಂದ ಬಂದ ರೂಢಿ. ಆ ಸರಾಸರಿ ಶಾಲೆಯ ದುಡಿಮೆಯನ್ನು ತಿಳಿಸುತ್ತದೆಯೇ, ಅಥವಾ ಅಲ್ಲಿಗೆ ಬಂದ ಮಕ್ಕಳ ಮನೆಯ ಸ್ಥಿತಿಗತಿಯನ್ನು ತಿಳಿಸುತ್ತದೆಯೇ? ಈ ಪ್ರಶ್ನೆಯನ್ನು ವಿಸ್ತಾರವಾಗಿ ಕೈಗೆತ್ತಿಕೊಂಡ ಗ್ರಂಥಗಳಲ್ಲಿ 1966ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಕೋಲ್ಮನ್ ವರದಿ ಮುಖ್ಯವಾದುದು. ಅದೇ ವರ್ಷ ನ್ಯೂಯಾರ್ಕಿನಲ್ಲಿ ಬಾಗಿಲು ತೆರೆದ ಒಂದು ಸರ್ಕಾರಿ ಮಾಧ್ಯಮಿಕ ಶಾಲೆಯನ್ನು ಎದುರಿಗಿಟ್ಟುಕೊಂಡು ಆ ವರದಿಯನ್ನು ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಮೊದಲು ಆ ಶಾಲೆಯ ವಿಷಯ. ನ್ಯೂಯಾರ್ಕ್ ನಗರದ ಶಾಲೆಗಳಲ್ಲಿ ಬಿಳಿಯರ ಮಕ್ಕಳೂ ಕಪ್ಪು ಜನಾಂಗದ ಮಕ್ಕಳೂ ಬಹುಮಟ್ಟಿಗೆ ಬೇರೆ ಬೇರೆಯಾಗಿಯೇ ಕಲಿಯುತ್ತಿದ್ದರು. ಇದನ್ನು ಪ್ರತಿಭಟಿಸಿ 1964ರ ಫೆಬ್ರವರಿ 3ರಂದು 4 ಲಕ್ಷಕ್ಕೂ ಹೆಚ್ಚು ಮಕ್ಕಳು ತರಗತಿಗಳಿಂದ ದೂರ ಉಳಿದರು. ಅದೇ ವರ್ಷ ರಾಜ್ಯದ ಶಿಕ್ಷಣ ಆಯುಕ್ತರ ಸಲಹಾ ಸಮಿತಿಯು ನಾಲ್ಕು ವರ್ಷ ಪ್ರಾಥಮಿಕ, ನಾಲ್ಕು ವರ್ಷ ಮಾಧ್ಯಮಿಕ, ನಾಲ್ಕು ವರ್ಷ ಪ್ರೌಢ ಎಂಬ ವ್ಯವಸ್ಥೆಯನ್ನು ಸೂಚಿಸಿತು. ಮಕ್ಕಳು ಐದನೆಯ ತರಗತಿಯಲ್ಲಿಯೇ ತಮ್ಮ ಕೇರಿಯ ಶಾಲೆಯನ್ನು ಬಿಟ್ಟು, ಇತರ ಕೇರಿಗಳ ಮಕ್ಕಳೊಡನೆ ಬೆರೆಯಲೆಂಬುದು ಅದರ ಆಶಯ. ಆದರೆ ಐ.ಎಸ್. 201 ಎಂಬ ಹೊಸ ಶಾಲೆಯನ್ನು ಹಾರ್ಲೆಮ್ ಬಡಾವಣೆಯ ನಡುವೆಯೇ ಕಟ್ಟಲಾಯಿತು. ಬಿಳಿಯರ ಮಕ್ಕಳೂ ಬರುವರೆಂದು ಶಿಕ್ಷಣ ಮಂಡಳಿ ಕೊಟ್ಟಿದ್ದ ಭರವಸೆ ನಡೆಯಲಿಲ್ಲ. ಬಂದವರು ಹೆಚ್ಚುಕಡಿಮೆ ಎಲ್ಲರೂ ಕಪ್ಪು ಜನಾಂಗದ ಮತ್ತು ಪೋರ್ಟೊರಿಕೋ ಮೂಲದ ಮಕ್ಕಳು. ಆಗ ತಂದೆತಾಯಿಗಳು, ಒಂದೋ ಶಾಲೆಯಲ್ಲಿ ಎಲ್ಲ ಜನರ ಮಕ್ಕಳನ್ನೂ ಬೆರೆಸಿರಿ, ಇಲ್ಲವೇ ಶಾಲೆಯ ಆಡಳಿತವನ್ನು ನಮಗೆ ಬಿಡಿರಿ ಎಂದು ಕೇಳಿದರು. ತಮ್ಮ ಮಕ್ಕಳು ಏಕೆ ಕಲಿಯುತ್ತಿಲ್ಲವೆಂಬುದಕ್ಕೆ ಯಾರಾದರೊಬ್ಬರು ಉತ್ತರ ಹೇಳಬೇಕೆಂಬುದೇ ಈ ಬೇಡಿಕೆಯ ತಿರುಳು.

ಕೋಲ್ಮನ್ ವರದಿಯ ಉತ್ತರ ಬೇರೆ ಬಗೆಯದು. 1964ರ ನಾಗರಿಕ ಹಕ್ಕುಗಳ ಶಾಸನದ ಮೇರೆಗೆ ನಡೆದ ಈ ಸಮೀಕ್ಷೆಯು ಸುಮಾರು 4,000 ಶಾಲೆಗಳನ್ನೂ 6 ಲಕ್ಷಕ್ಕೂ ಹೆಚ್ಚು ವಿದ್ಯಾರ್ಥಿಗಳನ್ನೂ ಒಳಗೊಂಡಿತ್ತು. ಮನೆಯ ಹಿನ್ನೆಲೆಯನ್ನು ಗಣನೆಗೆ ತೆಗೆದುಕೊಂಡ ಬಳಿಕ, ಶಾಲೆಯ ಕಟ್ಟಡ, ಪ್ರಯೋಗಶಾಲೆ, ಪುಸ್ತಕಭಂಡಾರ, ತಲೆಗೆ ತಗಲುವ ವೆಚ್ಚ ಇವುಗಳಿಂದ ಅಂಕಗಳಲ್ಲಿ ಆಗುವ ವ್ಯತ್ಯಾಸ ಅಲ್ಪವೆಂದು ಅದು ಕಂಡುಕೊಂಡಿತು. ಇದನ್ನು ಓದಿದ ಹಲವರು ‘ಶಾಲೆಯಿಂದ ಏನೂ ಆಗದು’ ಎಂಬ ತೀರ್ಮಾನಕ್ಕೆ ಬಂದರು. ವರದಿಯಲ್ಲಿ ಇಂತಹ ಮಾತಿಲ್ಲ. ಹಿಂದುಳಿದ ಸಮುದಾಯಗಳ ಮಕ್ಕಳ ಮೇಲೆ ಶಾಲೆಯ ಗುಣದ ಪರಿಣಾಮ ಇತರರ ಮೇಲಾಗುವುದಕ್ಕಿಂತ ಹೆಚ್ಚೆಂದೇ ಅದು ಹೇಳುತ್ತದೆ. ಅಂಕಗಳ ವ್ಯತ್ಯಾಸದ ಬಹುಭಾಗ ಶಾಲೆ ಶಾಲೆಗಳ ನಡುವೆ ಇರದೆ ಒಂದೇ ಶಾಲೆಯ ಒಳಗೇ ಇದೆಯೆಂದೂ ಅದು ತೋರಿಸಿದೆ. ಎಂದಮೇಲೆ ಶಾಲೆಯ ಸರಾಸರಿಯೊಂದನ್ನೇ ಹಿಡಿದು ಮಾತನಾಡುವುದು ಎಷ್ಟು ದುರ್ಬಲವಾದ ವಾದವೆಂಬುದಕ್ಕೆ ವರದಿಯೇ ಸಾಕ್ಷಿ.

ವರದಿಯ ವಿಧಾನದಲ್ಲಿಯೂ ದೋಷಗಳಿಲ್ಲದಿಲ್ಲ. ಸ್ಥಿತಿವಂತರ ಮಕ್ಕಳು ಸಾಮಾನ್ಯವಾಗಿ ಒಳ್ಳೆಯ ಶಾಲೆಗಳಿಗೇ ಹೋಗುವುದರಿಂದ ಮನೆಯ ಪ್ರಭಾವವೂ ಶಾಲೆಯ ಪ್ರಭಾವವೂ ಹೆಣೆದುಕೊಂಡಿರುತ್ತವೆ. ಲೆಕ್ಕದಲ್ಲಿ ಮನೆಯನ್ನು ಮೊದಲು ಸೇರಿಸಿದರೆ ಇಬ್ಬರಿಗೂ ಸಲ್ಲಬೇಕಾದ ಪಾಲು ಮನೆಯ ಖಾತೆಗೇ ಜಮೆಯಾಗುತ್ತದೆ. ಶಾಲೆಗೆ ಉಳಿಯುವುದು ಮಿಕ್ಕ ಚೂರು ಮಾತ್ರ. ಬೌಲ್ಸ್ ಮತ್ತು ಲೆವಿನ್ ಎಂಬ ವಿದ್ವಾಂಸರು 1968ರಲ್ಲಿಯೇ ಎತ್ತಿದ ಈ ಆಕ್ಷೇಪವು ನಮ್ಮ ಅಭಿಪ್ರಾಯದಲ್ಲಿ ಇಂದಿಗೂ ಬಲವುಳ್ಳದ್ದು.

ಅಳತೆಯ ಮಾನವೂ ವಿಚಾರಯೋಗ್ಯವಾದುದು. ಈಶಾನ್ಯ ಭಾಗದ ನಗರಗಳಲ್ಲಿ ಕಪ್ಪು ಜನಾಂಗದ ಮಕ್ಕಳು ಭಾಷಾಪರೀಕ್ಷೆಯಲ್ಲಿ ಬಿಳಿಯರ ಮಕ್ಕಳಿಗಿಂತ ಆರನೆಯ ತರಗತಿಯಲ್ಲಿ 1.6 ವರ್ಷ, ಒಂಬತ್ತನೆಯದರಲ್ಲಿ 2.4 ವರ್ಷ, ಹನ್ನೆರಡನೆಯದರಲ್ಲಿ 3.3 ವರ್ಷ ಹಿಂದಿದ್ದರೆಂದು ವರದಿ ಹೇಳುತ್ತದೆ. ಮಾಧ್ಯಮಿಕ ಶಾಲೆಯ ವರ್ಷಗಳಲ್ಲಿ ಅಂತರ ಬೆಳೆಯಿತೆಂದೇ ಇದನ್ನು ಓದಿದವರಿಗೆ ತೋರುವುದು. ಆದರೆ ಅದೇ ಅಂತರವನ್ನು ಮಾನಕ ವಿಚಲನೆಯಲ್ಲಿ, ಎಂದರೆ ಆಯಾ ತರಗತಿಯ ಅಂಕಗಳು ಹರಡಿಕೊಂಡಿರುವ ಪ್ರಮಾಣಕ್ಕೆ ಹೋಲಿಸಿ, ನೋಡಿದರೆ ಮೂರು ತರಗತಿಗಳಲ್ಲಿಯೂ ಅದು ಸುಮಾರು 1.1 ರಷ್ಟೇ ಇದೆ. ಅಂಕಿಗಳು ಬದಲಾಗದಿದ್ದರೂ ಮಾನ ಬದಲಾದೊಡನೆ ಕಥೆ ಬದಲಾಯಿತು. ಇದಲ್ಲದೆ ಈ ಮೂರು ತರಗತಿಗಳ ಮಕ್ಕಳು ಬೇರೆ ಬೇರೆಯವರು. ಒಂದೇ ಮಗುವನ್ನು ವರ್ಷದಿಂದ ವರ್ಷಕ್ಕೆ ಹಿಂಬಾಲಿಸಿದ ದಾಖಲೆ ಇದಲ್ಲ.

ಹಿನ್ನೆಲೆಯ ಅಳತೆಯಾದರೂ ಸ್ಥಿರವೇ ಎಂದರೆ, ಅದೂ ಅಲ್ಲ. ಆ ದೇಶದಲ್ಲಿ ಬಡ ಮಕ್ಕಳ ಸಂಖ್ಯೆಯನ್ನು ಬಹುಕಾಲ ಶಾಲೆಯ ಉಚಿತ ಊಟದ ಪಟ್ಟಿಯಿಂದಲೇ ಎಣಿಸುತ್ತಿದ್ದರು. ಬಡತನದ ರೇಖೆಯ ಶೇ. 130ರೊಳಗೆ ಆದಾಯವಿದ್ದರೆ ಉಚಿತ, ಶೇ. 185ರವರೆಗೆ ರಿಯಾಯಿತಿ. ಕಡುಬಡವನೂ ಅವನಿಗಿಂತ ಮೇಲಿನವನೂ ಒಂದೇ ಪಟ್ಟಿಯಲ್ಲಿ ಸೇರಿಹೋಗುತ್ತಿದ್ದರು. 2017ರ ಸೆಪ್ಟೆಂಬರಿನಿಂದ ನ್ಯೂಯಾರ್ಕ್ ನಗರದ ಸರ್ಕಾರಿ ಶಾಲೆಗಳ ಎಲ್ಲ ಮಕ್ಕಳಿಗೂ ಊಟ ಉಚಿತವಾಯಿತು. ಮಕ್ಕಳಿಗೆ ಇದು ಹಿತವೇ. ಆದರೆ ಊಟ ಪಡೆಯುವವರ ಎಣಿಕೆಯಿಂದ ಬಡವರ ಪ್ರಮಾಣವನ್ನು ತಿಳಿಯುವ ಹಾದಿ ಅಲ್ಲಿಗೆ ಮುಚ್ಚಿತು.

ಹಾಗಾದರೆ ಶಾಲೆಯನ್ನು ಅಳೆಯುವ ಬಗೆ ಯಾವುದು? ಮಗು ಎಲ್ಲಿಗೆ ತಲುಪಿತೆಂಬುದರ ಜೊತೆಗೆ ಎಲ್ಲಿಂದ ಹೊರಟಿತೆಂಬುದನ್ನೂ ನೋಡಬೇಕು. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಶಾನ್ ರಿಯರ್ಡನ್ ಅವರು ಸುಮಾರು 11,000 ಶಾಲಾ ಜಿಲ್ಲೆಗಳ ಅಂಕಗಳನ್ನು ಪರಿಶೀಲಿಸಿ 2017ರಲ್ಲಿ ಪ್ರಕಟಿಸಿದ ಅಧ್ಯಯನವು ಇಲ್ಲಿ ಸ್ಮರಣೀಯ. ಮೂರನೆಯ ತರಗತಿಯ ಸರಾಸರಿಗೂ ಅಲ್ಲಿಂದ ಎಂಟನೆಯದರವರೆಗಿನ ಬೆಳವಣಿಗೆಗೂ ಇರುವ ಸಂಬಂಧ ಬಹಳ ಸಡಿಲವಾದುದೆಂದು ಅವರು ಕಂಡರು. ಬಡ ಮಕ್ಕಳೇ ಹೆಚ್ಚಾಗಿರುವ ಷಿಕಾಗೋದಲ್ಲಿ ಮಕ್ಕಳು ಐದು ವರ್ಷಗಳಲ್ಲಿ ಆರು ವರ್ಷದಷ್ಟು ಮುಂದೆ ಸಾಗಿದ್ದರು. ಸರಾಸರಿಯನ್ನಷ್ಟೇ ನೋಡುವವರಿಗೆ ಇದು ಕಾಣದು. ಈ ವಿಧಾನಕ್ಕೂ ಮಿತಿಯುಂಟು. ನಡುವೆ ಬಂದ, ನಡುವೆ ಬಿಟ್ಟುಹೋದ ಮಕ್ಕಳಿಂದ ಲೆಕ್ಕ ಏರುಪೇರಾಗಬಹುದು.

ಐ.ಎಸ್. 201ರ ತಂದೆತಾಯಿಗಳ ಪ್ರಶ್ನೆಗೆ ಇನ್ನೊಮ್ಮೆ ಬರೋಣ. ‘ನಿಮ್ಮ ಮಕ್ಕಳು ಬಡವರು, ಆದಕಾರಣ ಅಂಕ ಕಡಿಮೆ’ ಎಂಬುದು ಅವರ ಪ್ರಶ್ನೆಗೆ ಉತ್ತರವಲ್ಲ. ‘ಅಂಕ ಕಡಿಮೆ, ಆದಕಾರಣ ಉಪಾಧ್ಯಾಯರು ಅಯೋಗ್ಯರು’ ಎಂಬುದೂ ಉತ್ತರವಲ್ಲ. ಮೊದಲನೆಯದು ಮಕ್ಕಳಿಗೂ ಎರಡನೆಯದು ಉಪಾಧ್ಯಾಯರಿಗೂ ಅನ್ಯಾಯ ಮಾಡುತ್ತದೆ. ಮಕ್ಕಳ ಹಿನ್ನೆಲೆಯನ್ನು ತಿಳಿಯಬೇಕಾದದ್ದು ಯಾರಿಗೆ ಹೆಚ್ಚು ನೆರವು ಬೇಕೆಂಬುದನ್ನು ಅರಿಯುವುದಕ್ಕಾಗಿ; ಅವರಿಂದ ಕಡಿಮೆ ನಿರೀಕ್ಷಿಸುವುದಕ್ಕಾಗಿ ಅಲ್ಲ. ಶೇಕಡಾವಾರು ಫಲಿತಾಂಶವನ್ನೇ ಕೊನೆಯ ಮಾತೆಂದು ಭಾವಿಸುವ ನಮ್ಮಲ್ಲಿಯೂ ಫಲಿತಾಂಶದ ಪಟ್ಟಿಯನ್ನು ಕೈಗೆತ್ತಿಕೊಳ್ಳುವ ಅಧ್ಯಾಪಕರು ಈ ಭೇದವನ್ನು ಮನಸ್ಸಿನಲ್ಲಿಟ್ಟುಕೊಳ್ಳುವುದು ಅವಶ್ಯಕ.